ಪಾಲಿಗೆ ಕೊಟ್ಟ ಗಿಡ್ಡ ಕೋಳಿಗಳು

ಗಜೇಂದ್ರಗಡ
೧೪ ಜೂನ್ ೧೯೫೭

ತಂಗಿ ರೇಣವ್ವಳಿಗೆ ಅಕ್ಕ ಶಂಕ್ರವ್ವನಿಂದ,

ಕ್ಷೇಮ ಕೇಳಿಯೇ ಕಾಗದ ಸುರು ಮಾಡಬೇಕೆಂದು ಅಪ್ಪ ನಮಗಿಬ್ಬರಿಗೂ ಕಲಿಸಿದ್ದ. ಇವತ್ತು ನನಗೆ ಅಷ್ಟು ಸಮಾಧಾನವಿಲ್ಲ. ನೆಟ್ಟಗೆ ವಿಷಯಕ್ಕೆ ಬರುತ್ತೇನೆ.

ನಿನ್ನೆ ಸಂಜೆ ರೋಣದ ಬಸ್ಸಿನ ಕಂಡಕ್ಟರ್ ಗೌಸುಸಾಬ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಅವನ ಮನೆ ನಿಮ್ಮ ಓಣಿಯಲ್ಲೇ ಇರುವುದರಿಂದ ನಿನ್ನ ಹಿತ್ತಲಿನ ಸುದ್ದಿ ಅವನ ಕಣ್ಣು ತಪ್ಪುವುದಿಲ್ಲ. ಅಂದ: "ಶಂಕ್ರವ್ವಾ, ನಿಮ್ಮ ಗಿಡ್ಡ ಹ್ಯಾಟಿಗೋಳ ಬೆನ್ನ ಮ್ಯಾಲ ಒಂದ ಪುಕ್ಕ ಉಳದಿಲ್ಲ ನೋಡ್ರಿ. ತೊಗಲ ಕೆಂಪಗ ಕಾಣತೈತಿ. ಆ ದೊಡ್ಡ ಸರ್ಕಾರಿ ಹುಂಜ ಐತೆಲ್ಲ, ಅದರ ಭಾರಕ್ಕ ಇವು ನೆಲಕ್ಕ ಹತ್ತಿಬಿಡತಾವ. ಕಾಳ ಹಾಕಿದ್ರ ದೊಡ್ಡವು ತಿಂದು ಹ್ವಾದ ಮ್ಯಾಲ ಇವು ಬರೇ ಮಣ್ಣ ಕೆದರತಾವ."

ಮಗ್ಗಕ್ಕೆಂದು ನೂಲು ಸುತ್ತುತ್ತಿದ್ದ ಕಂಡಿಕೆ ಕೈ ಜಾರಿ ಬಿತ್ತು.

ರೇಣಿ, ಯುಗಾದಿ ಮುಗಿದ ಮೇಲೆ ಸೂಡಿಯ ನಮ್ಮ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತು ನ್ಯಾಯ ಹೇಳಿದ್ದನ್ನು ನೀನು ಮರೆತಿರಲಿಕ್ಕಿಲ್ಲ. ದ್ರಾಕ್ಷಾಯಣಿಯನ್ನು ಹಡೆದವಳು ನೀನು, ಹನ್ನೊಂದು ವರ್ಷ ಸಾಕಿದವಳು ನಾನು. "ಹಡದಾಕಿ ಕೇಳಿದ ಮ್ಯಾಲ ಕೊಡಬೇಕವ್ವಾ" ಎಂದರು, ನಾನು ಎದುರಾಡಲಿಲ್ಲ. ಹುಡುಗಿ ಬಾಗಿಲ ಚೌಕಟ್ಟು ಹಿಡಿದು "ನನ್ನ ಕೋಳಿ ಬಿಟ್ಟ ನಾ ಬರಂಗಿಲ್ಲ" ಎಂದು ಕೂಗಿದಾಗ ಮಾತ್ರ ನಾನು ಬಾಯಿ ತೆರೆದೆ. ಕೋಳಿ ಒಯ್ಯಲಿ, ಆದರೆ ಪಾಲಿಗೆ ಎಂದೆ. ನೀನು ಹಿರಿಯರ ಮುಂದೆ ಹೂಂ ಎಂದಿ.

ಪಾಲು ಎಂದರೇನೆಂದು ನಿನಗೆ ಹೇಳಿಕೊಡಬೇಕೇ? ಕೋಳಿ ನನ್ನದು, ಮೇವು ನಿನ್ನದು, ಆದ ಮರಿಗಳಲ್ಲಿ ಅರ್ಧ ನನಗೆ ಅರ್ಧ ನಿನಗೆ. ಕೊಟ್ಟವಳು ಬೇಕಾದಾಗ ಬಂದು ನೋಡಬಹುದು, ಸಾಕುವವಳು ಬಾಗಿಲು ಹಾಕುವಂತಿಲ್ಲ. ನನ್ನನ್ನು ಕೇಳದೆ ಒಂದನ್ನೂ ಮಾರುವಂತಿಲ್ಲ, ಕೊಯ್ಯುವಂತಿಲ್ಲ. ನಾನು ಕೊಟ್ಟದ್ದು ಮೈ ತುಂಬ ಪುಕ್ಕವಿದ್ದ ನಾಲ್ಕು ಹ್ಯಾಟೆ, ಒಂದು ಹುಂಜ. ನನಗೆ ಅವು ಹಾಗೆಯೇ ಇರಬೇಕು.

ಆ ಕೆಂಪು ದೈತ್ಯನನ್ನು ಬೇರೆ ಕಟ್ಟು. ಬೆನ್ನಿಗೆ ಅರಿಷಿಣ, ಬೇವಿನೆಣ್ಣೆ ಹಚ್ಚು. ಉತ್ತರ ಲಗೂ ಬರೆ.

ಸಿಟ್ಟಿನಲ್ಲಿರುವ ನಿನ್ನ ಅಕ್ಕ,
ಶಂಕ್ರವ್ವ


ರೋಣ
೨೫ ಜೂನ್ ೧೯೫೭

ಅಕ್ಕನಿಗೆ ರೇಣವ್ವನ ನಮಸ್ಕಾರ.

ಅಷ್ಟು ಮಾತನ್ನು ಇರುವೆಯಂಥ ಅಕ್ಷರದಲ್ಲಿ ಒಂದೇ ಕಾರ್ಡಿನಲ್ಲಿ ತುರುಕಿದ್ದೀಯಲ್ಲ, ಒಂದು ಪಾಕೀಟು ಕೊಳ್ಳಬಾರದಿತ್ತೇ? ಟಪಾಲಿನವನು ಓದಿದ, ಅಂಗಡಿಯವನಿಗೆ ಹೇಳಿದ. ನನ್ನ ಕೈಗೆ ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ "ಏನವಾ ರೇಣವ್ವಾ, ನಿಮ್ಮಕ್ಕ ಭಾಳ ಸಿಟ್ಟಿಗೆದ್ದಾಳಂತ" ಎಂದು ಕೇಳಿಯಾಗಿತ್ತು. ಇದರಿಂದ ನಿನಗೇನು ಸಿಕ್ಕಿತು?

ಈಗ ನನ್ನ ಮಾತು ಕೇಳು. ಇವರು ಗ್ರಾಮಸೇವಕರ ಆಫೀಸಿನ ಸಿಪಾಯಿ. ದೊಡ್ಡ ತಳಿಯ ಕೋಳಿ ಸಾಕಿರಿ, ದೊಡ್ಡ ತತ್ತಿ ಪಡೆಯಿರಿ ಎಂದು ಊರೂರಿಗೆ ಹೇಳಿಕೊಂಡು ಸಾಹೇಬರ ಹಿಂದೆ ತಿರುಗುವವರು. ನಮ್ಮ ಹಿತ್ತಲಿಗೇ ಮಂದಿಯನ್ನು ಕರೆತಂದು ತೋರಿಸುತ್ತಾರೆ. ಸರ್ಕಾರಿ ಹುಂಜ ಇದ್ದಲ್ಲಿ ಜವಾರಿ ಹುಂಜ ಇರಬಾರದೆಂದು ಅವರ ನೇಮ. ಇದ್ದರೆ ತಳಿ ಕೆಡುತ್ತದಂತೆ. ಸಾಹೇಬರು ಬಂದು ನಿನ್ನ ಗಿಡ್ಡ ಹುಂಜವನ್ನು ನೋಡಿ ಇವರನ್ನು ಎಲ್ಲರ ಮುಂದೆ ಹಂಗಿಸಿದರು. "ಏನೋ ಕಳಕಪ್ಪ, ಊರಿಗೆಲ್ಲ ಶಾಣ್ಯಾತನ ಹೇಳಾಂವ, ನಿನ್ನ ಹಿತ್ತಲದಾಗ ಇದೇನಿದು?"

ಆ ಹುಂಜವಾದರೂ ಸುಮ್ಮನಿತ್ತೇ? ನಿನ್ನ ಮನೆಯಲ್ಲಿ ಬೆಳೆದದ್ದಲ್ಲವೇ, ಮೂಗಿನ ತುದಿಯಲ್ಲೇ ಸಿಟ್ಟು. ದೊಡ್ಡದರ ಮೊಣಕಾಲಿಗೆ ಬಾರದ ಗಿಡ್ಡ, ಬೆಳಗಾದರೆ ಅದರ ಕಾಲ ಸಂದಿಯಲ್ಲಿ ನುಗ್ಗಿ ಕಾದಾಡುತ್ತಿತ್ತು. ಒಂದು ಕಣ್ಣು ಕಳೆದುಕೊಂಡಿತು. ಬುಟ್ಟಿ ಮುಚ್ಚಿಟ್ಟರೆ ಬುಟ್ಟಿಯನ್ನೇ ಹೊತ್ತುಕೊಂಡು ಹೊರಡುತ್ತಿತ್ತು. ಕಡೆಗೆ ಇವರು ಅದನ್ನು ಕೊಯ್ದರು. ನಾನು ಸಾರು ಮಾಡಿದೆ. ಮನೆಯಲ್ಲಿ ಎಲ್ಲರೂ ಉಂಡರು.

ಹ್ಯಾಟೆಗಳ ಬೆನ್ನಿಗೆ ಎಣ್ಣೆ ಹಚ್ಚುವ ಕೆಲಸ ನಡೆದಿದೆ. ಅದನ್ನು ಯಾರು ಮಾಡುತ್ತಿದ್ದಾರೆಂದು ನೀನು ಕೇಳಿಲ್ಲ. ನಾನೂ ಬರೆಯುವುದಿಲ್ಲ.

ನಿನ್ನ ತಂಗಿ,
ರೇಣವ್ವ


ಗಜೇಂದ್ರಗಡ
೫ ಜುಲೈ ೧೯೫೭

ರೇಣವ್ವಳಿಗೆ,

ನೀನು ಹೇಳಿದಂತೆ ಪಾಕೀಟಿನಲ್ಲಿ ಬರೆಯುತ್ತಿದ್ದೇನೆ, ಈಗ ಮನಸಾರೆ ಬೈಯಬಹುದು.

ಪಾಲಿನ ಹುಂಜವನ್ನು ಕೇಳದೆ ಕೊಯ್ದಿರಿ! ಈ ಸೀಮೆಯಲ್ಲಿ ಯಾರಾದರೂ ಈ ಕೆಲಸ ಮಾಡಿದ್ದನ್ನು ಕೇಳಿದ್ದೀಯಾ? ಅಡವಿಗೆ ಹೋದ ಪಾಲಿನ ಕುರಿಯನ್ನು ತೋಳ ಹಿಡಿದರೂ ಕುರುಬ ಅದರ ಕಿವಿಯನ್ನಾದರೂ ತಂದು ಯಜಮಾನನಿಗೆ ತೋರಿಸುತ್ತಾನೆ. ನಿನ್ನ ಗಂಡನಿಗೆ ಒಂದು ಕಾರ್ಡು ಬರೆಯುವಷ್ಟು ಪುರುಸೊತ್ತಿರಲಿಲ್ಲವೇ? ಹುಂಜ ಬೇಡವಾಗಿದ್ದರೆ ಗೌಸುಸಾಬನ ಬಸ್ಸಿನಲ್ಲಿಟ್ಟು ಕಳಿಸಬೇಕಿತ್ತು. ನನ್ನ ಹಿತ್ತಲಿನಲ್ಲಿ ಅದಕ್ಕೆ ಜಾಗವಿರಲಿಲ್ಲವೇ?

ಎಲ್ಲರೂ ಉಂಡರೆಂದು ಬರೆದಿದ್ದೀ. ಎಲ್ಲರೂ ಅಂದರೆ ಯಾರ್ಯಾರು?

ಇನ್ನು ಉಳಿದ ನಾಲ್ಕರ ವಿಷಯ. ದೊಡ್ಡ ಕೋಳಿ, ಗಿಡ್ಡ ಕೋಳಿ ಒಂದೇ ಹಿತ್ತಲಿನಲ್ಲಿ ಇರಬಾರದೆಂದು ನಾನು ಹೇಳುತ್ತಿಲ್ಲ. ಇರಲಿ. ಆದರೆ ಇಡುವವರಿಗೆ ಕಣ್ಣಿರಬೇಕು. ದೊಡ್ಡವಕ್ಕೆ ಮೈ ಭಾರ, ಹಾರಲಾರವು. ಗಿಡ್ಡವು ಪುರ್ರನೆ ಹಾರಿ ಗೋಡೆ ಹತ್ತುತ್ತವೆ. ಇವುಗಳ ನುಚ್ಚನ್ನು ಗೋಡೆಯ ಮೇಲೆ ಹಾಕಿದರೆ ಯಾರೂ ಕಸಿಯುವುದಿಲ್ಲ. ಗೂಡಿನೊಳಗೆ ಒಂದು ಮೂಲೆಗೆ ಅಡ್ಡ ಹಲಗೆ ಕಟ್ಟಿಸಿ, ಗಿಡ್ಡವು ಮಾತ್ರ ತೂರುವಷ್ಟು ಕಿಂಡಿ ಬಿಡಿಸು. ಅಟ್ಟಿಸಿಕೊಂಡು ಬಂದಾಗ ಓಡಿ ಹೋಗಿ ಕೂಡಲು ಒಂದು ಜಾಗ ಬೇಕಲ್ಲ. ಸಣ್ಣವರಿಗೆ ಅಂಥದೊಂದು ಜಾಗ ಇಲ್ಲದ ಮನೆ ಮನೆಯೇ ಅಲ್ಲ.

ಇವರು ಮಗ್ಗದಲ್ಲಿ ಕೂತಲ್ಲಿಂದಲೇ "ಹುಡಿಗಿ ಹ್ಯಾಂಗದಾಳ ಅಂತ ಒಂದ ಸಾಲ ಬರೀ" ಅಂದರು. ಕಾಗದದಲ್ಲಿ ಜಾಗ ಇಲ್ಲ ಎಂದೆ.

ಪಂಚಮಿ ಹತ್ತಿರ ಬಂತು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತೇನೆ. ಬೇವಿನ ಮರಕ್ಕೆ ಜೋಕಾಲಿ ಹಗ್ಗ ಹಾಕಿಯಾಗಿದೆ, ಇವರು ಸುಮ್ಮನೆ ಹಾಕಿಬಿಟ್ಟರು. ಕೋಳಿಗಳು ಹೇಗಿವೆಯೆಂದು ಹೇಳಲು ಹಬ್ಬಕ್ಕೆ ಯಾರನ್ನಾದರೂ ಇಲ್ಲಿಗೆ ಕಳಿಸುವುದಾದರೆ ಕಳಿಸು.

ಶಂಕ್ರವ್ವ


ರೋಣ
೬ ಆಗಸ್ಟ್ ೧೯೫೭

ಅಕ್ಕಾ,

ಪಂಚಮಿ ಮುಗಿಯಲಿ ಎಂದೇ ತಡೆದು ಬರೆಯುತ್ತಿದ್ದೇನೆ.

"ಯಾರನ್ನಾದರೂ ಕಳಿಸು" ಎಂದು ನೀನು ಬರೆದಿದ್ದೀ. ಪಂಚಮಿಗೆ ಹೆಣ್ಣುಮಕ್ಕಳು ಹೋಗುವುದು ತವರಿಗೆ. ದ್ರಾಕ್ಷಿಯ ತವರು ಇದು. ನಾನು ಹಡೆದವಳು, ಈ ಮನೆಯ ಮಗಳು ಅವಳು. ಇಲ್ಲಿಯೇ ಜೋಕಾಲಿ ಕಟ್ಟಿದೆವು. ಅವಳು ಹತ್ತಲಿಲ್ಲ ಎಂಬುದು ಬೇರೆ ಮಾತು.

ಹನ್ನೊಂದು ವರ್ಷದಿಂದ ನುಂಗಿಕೊಂಡಿದ್ದನ್ನು ಇವತ್ತು ಬರೆಯುತ್ತೇನೆ. ಅವಳು ಹುಟ್ಟಿದಾಗ ನನಗೆ ಮೈ ಸುಡುವ ಜ್ವರ, ಎದೆಯಲ್ಲಿ ಹಾಲಿಲ್ಲ. ಆ ತಿಂಗಳೇ ನಿನ್ನ ಕೂಸು ತೀರಿಕೊಂಡಿತ್ತು. ನಿನ್ನ ಎದೆ ತುಂಬಿತ್ತು, ತೊಟ್ಟಿಲು ಬರಿದಾಗಿತ್ತು. ಹಲ್ಲು ಬರುವ ತನಕ ಇಟ್ಟುಕೋ ಎಂದು ಅವ್ವ ನಿನ್ನ ಉಡಿಗೆ ಹಾಕಿದಳು. ಹಲ್ಲು ಬಂತು. ಕೇಳಲು ಬಂದೆ. "ಸಣ್ಣ ಕೂಸು, ದಾರಿ ಭಾಳ, ಮಳಿ ಹ್ವಾದ ಮ್ಯಾಲ ನೋಡೋಣು" ಎಂದಿ. ಮಳೆ ಹೋಯಿತು. "ನಡೆಯುವುದು ಕಲಿಯಲಿ" ಎಂದಿ. ಆಮೇಲೆ ಸಿಡುಬಿನ ಚುಚ್ಚು ಹಾಕಿಸಲಿ, ಆಮೇಲೆ ಸಾಲಿಗೆ ಹಾಕಿದ್ದೀನಿ, ವರ್ಷ ತುಂಬಲಿ. ಪ್ರತಿ ಸಲ ನಾನು ನಿನ್ನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಬರಿಗೈಯಲ್ಲಿ ಬಸ್ಸು ಹತ್ತಿದೆ. ಹೊರಡುವಾಗ ನೀನು "ಚಿಗವ್ವಗ ನಮಸ್ಕಾರ ಮಾಡು" ಎಂದು ಅವಳಿಗೆ ಹೇಳುತ್ತಿದ್ದೆ. ನಾನು ಹಡೆದ ಮಗಳ ಬಾಯಲ್ಲಿ ನಾನು ಚಿಗವ್ವ! ಈ ಮನೆಗೆ ಬಂದ ಮೇಲೂ ಹಾಗೆಯೇ ಕರೆಯುತ್ತಾಳೆ. ನೀರು ಬೇಕಾದರೆ ಚಿಗವ್ವಾ, ತಲೆ ನೋಯುತ್ತಿದ್ದರೆ ಚಿಗವ್ವಾ. ನಿನ್ನ ಹುಂಜದ ಕುತ್ತಿಗೆಗೆ ಅಷ್ಟು ನೊಂದೆಯಲ್ಲ, ಇದಕ್ಕೆ ನಾನೆಷ್ಟು ನೊಂದಿರಬೇಕು ಹೇಳು.

ಕೋಳಿಯ ಸುದ್ದಿ ಬೇಕಲ್ಲವೇ ನಿನಗೆ, ತಗೋ. ನಿನ್ನ ಬೂದು ಹ್ಯಾಟೆ ಕಾವಿಗೆ ಕೂತಿತು. ಸರ್ಕಾರಿ ಹ್ಯಾಟೆಗಳು ದೊಡ್ಡ ತತ್ತಿ ಇಡುತ್ತವೆ, ಕಾವಿಗೆ ಕೂಡುವ ಬುದ್ಧಿ ಅವಕ್ಕಿಲ್ಲ. ಅದಕ್ಕೇ ಅವುಗಳ ತತ್ತಿಗಳನ್ನು ಬೂದುವಿನ ಕೆಳಗಿಟ್ಟೆವು. ಅದರ ರೆಕ್ಕೆ ಎಲ್ಲವನ್ನೂ ಮುಚ್ಚುತ್ತಿರಲಿಲ್ಲ, ಎರಡು ಕೆಟ್ಟವು. ಉಳಿದ ಆರು ಮರಿಯಾಗಿವೆ, ಕೆಂಪು ಬಣ್ಣ, ದಪ್ಪ ಕಾಲು. ತತ್ತಿ ನಮ್ಮವು. ಈ ಮರಿಗಳಲ್ಲಿ ನಿನಗೆ ಪಾಲಿಲ್ಲ.

ರೇಣವ್ವ


ಗಜೇಂದ್ರಗಡ
೨೧ ಆಗಸ್ಟ್ ೧೯೫೭

ರೇಣವ್ವಳಿಗೆ,

ತತ್ತಿ ನಮ್ಮವು ಎಂದೆ. ತತ್ತಿ ಇಡುವುದು ದೊಡ್ಡ ಕೆಲಸವೇ, ಒಪ್ಪಿದೆ. ಇಟ್ಟು ಎದ್ದು ಹೋಗುವುದು ಮಾತ್ರ ಬಹಳ ಸುಲಭ.

ಮೂರು ವಾರ ನನ್ನ ಬೂದು ಎದ್ದಿತೇನು? ಕಾಳು ಕಂಡರೆ ಎದ್ದಿತೇನು? ಕಾವಿಗೆ ಕೂತ ಹ್ಯಾಟೆ ದಿನಕ್ಕೊಮ್ಮೆ ಎದ್ದು ಒಂದು ಗುಟುಕು ನೀರು ಕುಡಿದು ಮತ್ತೆ ಓಡಿ ಬಂದು ಕೂಡುತ್ತದೆ. ಎದೆಯ ಪುಕ್ಕ ತಾನೇ ಕಿತ್ತುಕೊಂಡು ಬರೀ ಮೈಯ ಬಿಸಿ ಕೊಡುತ್ತದೆ. ತನ್ನ ರೆಕ್ಕೆಯಲ್ಲಿ ಹಿಡಿಸದ ತತ್ತಿಯನ್ನೂ ಕೊಕ್ಕಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಅದು ತನ್ನದೋ ಇನ್ನೊಬ್ಬರದೋ ಎಂದು ಕೇಳುವುದಿಲ್ಲ. ಆ ಮೂರು ವಾರಕ್ಕೆ ನಿನ್ನ ನ್ಯಾಯದಲ್ಲಿ ಏನೂ ಬೆಲೆಯಿಲ್ಲವೇ? ಕಾವು ಕೊಟ್ಟದ್ದು ನನ್ನ ಕೋಳಿ. ಆರರಲ್ಲಿ ಮೂರು ನನ್ನವು. ಬೇಕಿದ್ದರೆ ಸೂಡಿಯ ಹಿರಿಯರನ್ನು ಮತ್ತೆ ಕೂಡಿಸು.

ಬರೆದದ್ದನ್ನು ಇವರಿಗೆ ಓದಿ ಹೇಳಿದೆ. ಲಾಳಿ ನಿಲ್ಲಿಸಿ ನನ್ನ ಮುಖ ನೋಡಿದರು. "ಅಕ್ಕಾ ತಂಗಿ ಇಬ್ಬರೂ ಬರೇ ಕೋಳಿ ಹೆಸರ್ಲೆ ಬಡದಾಡಾಕತ್ತೀರಿ. ಆ ಹುಡಿಗಿ ಈ ಕಾಗದ ಓದಿದ್ರ ಏನ ತಿಳಕೋಬೇಕು?" ಎಂದರು. ಓದಲಿ, ಅವಳಿಗೆ ಅಕ್ಷರ ಕಲಿಸಿದವಳು ನಾನೇ ಎಂದೆ. ಅವರು ಮತ್ತೆ ಲಾಳಿ ಹೊಡೆಯತೊಡಗಿದರು. ಆ ದಿನವೆಲ್ಲ ದಾರ ಹರಿಯುತ್ತಲೇ ಇತ್ತು, ಪತ್ತಲದ ಸೆರಗು ಕೆಟ್ಟಿತು.

ನಾನೇಕೆ ಆ ಕೋಳಿಗಳನ್ನು ಪಾಲಿಗೆ ಕೊಟ್ಟೆ ಎಂದು ನಿನಗೆ ಗೊತ್ತು. ಗೊತ್ತಿದ್ದೇ ಬಾಗಿಲು ಹಾಕುತ್ತಿದ್ದೀ. ಆದರೆ ಪಾಲಿನ ಮಾತು ನಿನ್ನದೂ ಅಲ್ಲ, ನನ್ನದೂ ಅಲ್ಲ, ಹಿರಿಯರ ಮುಂದೆ ಆದದ್ದು. ದಸರೆ ಕಳೆದು ಮರಿಗಳು ತಾಯಿಯನ್ನು ಬಿಟ್ಟ ಮೇಲೆ ನಾನು ಬರುತ್ತೇನೆ. ಬುಟ್ಟಿ ಹಿಡಿದುಕೊಂಡೇ ಬರುತ್ತೇನೆ. ಆಗ ಯಾರು ತಡೆಯುತ್ತಾರೋ ನೋಡೋಣ.

ಶಂಕ್ರವ್ವ


ರೋಣ
೯ ಸೆಪ್ಟೆಂಬರ್ ೧೯೫೭

ಅಕ್ಕಾ,

ಇಟ್ಟು ಎದ್ದು ಹೋದವಳು ಎಂದೆಯಲ್ಲ, ಆ ಕಾಗದವನ್ನು ನಾನು ಒಲೆಗೆ ಹಾಕಲು ಹೋದೆ. ದ್ರಾಕ್ಷಿ ಕೈಯಿಂದ ಕಿತ್ತುಕೊಂಡಳು. ನಿನ್ನ ಕಾಗದಗಳನ್ನೆಲ್ಲ ಅವಳೇ ಎತ್ತಿಟ್ಟುಕೊಳ್ಳುತ್ತಾಳೆ.

ಜ್ವರದಲ್ಲಿ ಬಿದ್ದವಳ ಪಕ್ಕದಿಂದ ಕೂಸನ್ನು ಎತ್ತಿಕೊಂಡು ಹೋದರು. ನಾನು ಎದ್ದು ಹೋಗಲಿಲ್ಲ. ನನಗೆ ಏಳುವ ತ್ರಾಣವೇ ಇರಲಿಲ್ಲ.

ಬಾ. ಮೂರು ಮರಿ ಎತ್ತಿಕೋ, ನಾಲ್ಕು ಹ್ಯಾಟೆಯನ್ನೂ ಎತ್ತಿಕೋ. ಹುಂಜಕ್ಕೆ ಬದಲು ಒಂದು ದೊಡ್ಡ ಹುಂಜ ಕೊಡುತ್ತೇನೆ, ಅದನ್ನೂ ಒಯ್ಯಿ. ಅಲ್ಲಿಗೆ ಪಾಲು ಮುಗಿಯುತ್ತದೆ. ಆಮೇಲೆ ನೀನು ನನ್ನ ಬಾಗಿಲಿಗೆ ಬರಲು ಕಾರಣ ಉಳಿಯುವುದಿಲ್ಲ.

ರೇಣವ್ವ


ರೋಣ
೨೪ ಅಕ್ಟೋಬರ್ ೧೯೫೭

ಅಕ್ಕಾ,

ದೀಪಾವಳಿಯ ಮುಂದೆ ಮನೆಗೆ ಬಂದವಳು ಒಂದು ಗುಟುಕು ನೀರು ಕುಡಿಯದೆ ಹೋದಿ. ನನ್ನ ವೈರಿಗೂ ನಾನು ಹೀಗೆ ಮಾಡುವುದಿಲ್ಲ. ಬುಟ್ಟಿ ಅಂಗಳದಲ್ಲೇ ಬಿದ್ದಿತ್ತು. ಅದನ್ನು ಗೌಸುಸಾಬನ ಕೈಯಲ್ಲಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಬುಟ್ಟಿ ಬರಿದಾಗಿದೆ, ಏಕೆ ಎಂದು ಮುಂದೆ ತಿಳಿಯುತ್ತದೆ.

ಅವತ್ತು ನಡೆದದ್ದನ್ನು ನೀನು ನಿನ್ನ ಕಣ್ಣಿನಿಂದ ಮಾತ್ರ ನೋಡಿದ್ದೀ. ನಾನು ನೋಡಿದ್ದನ್ನೂ ಕೇಳು.

ನೀನು ಬರುತ್ತೀಯೆಂದು ತಿಳಿದಾಗಿನಿಂದ ಅವಳು ನೆಲದ ಮೇಲೆ ನಿಂತಿರಲಿಲ್ಲ. ಬೆಳಗ್ಗೆ ತಾನೇ ತಲೆಗೆ ಎಣ್ಣೆ ಹಚ್ಚಿಕೊಂಡಳು. ನೀನು ನೇಯಿಸಿ ಕೊಟ್ಟ ಖಣದ ಲಂಗ ಈಗ ಮೊಣಕಾಲಿಗೆ ಬರುತ್ತದೆ, ಅದನ್ನೇ ಉಟ್ಟಳು. ಬೇರೆಯದು ಉಡು ಎಂದರೆ ಕೇಳಲಿಲ್ಲ. ಅಂಗಳ ಸಾರಿಸಿ ರಂಗೋಲಿ ಹಾಕಿದಳು, ಕೋಳಿಗಳು ತುಳಿದವು, ಮತ್ತೆ ಹಾಕಿದಳು. ಬಸ್ಸಿನ ಸಪ್ಪಳ ಕೇಳಿ ಬಾಗಿಲಿಗೆ ಓಡಿದಳು.

ನೀನು ಬಂದೆ. ಬುಟ್ಟಿ ಹಿಡಿದು ಅಂಗಳದ ನಡುವೆ ನಿಂತೆ. ಅವಳ ಮುಖ ನೋಡಲಿಲ್ಲ. ಎಲ್ಲೋ ಗೋಡೆಯ ಕಡೆ ನೋಡುತ್ತ "ಹ್ಯಾಟಿ ಎಲ್ಲಿ?" ಎಂದೆ.

ಅಕ್ಕಾ, ಏಳು ತಿಂಗಳ ಮೇಲೆ ಕಂಡ ಹುಡುಗಿಗೆ ನೀನು ಆಡಿದ ಮೊದಲ ಮಾತು ಅದು. ಅವಳು ಅಲ್ಲೇ ನಿಂತಳು. ಮುಂದೆ ಬರಲು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು. ಆಮೇಲೆ ಒಳಗೆ ತಿರುಗಿ, ಓಣಿಗೆ ಕೇಳುವಂತೆ ಕೂಗಿದಳು: "ಅವ್ವಾ, ಕೋಳಿ ನೋಡಾಕ ಯಾರೋ ಮಂದಿ ಬಂದಾರ ನೋಡು."

ನಿನ್ನ ಕೈಯಿಂದ ಬುಟ್ಟಿ ಬಿತ್ತು. ನೀನು ತಿರುಗಿ ನಡೆದುಬಿಟ್ಟೆ. ನಾನು ಕೂಗುತ್ತ ಬಸ್ಸು ನಿಲ್ಲುವಲ್ಲಿಗೆ ಬಂದೆ, ನೀನು ಕಿಟಕಿಯಿಂದ ಮುಖ ಹೊರಗೆ ಹಾಕಲಿಲ್ಲ.

ನಾನು ಗೆದ್ದೆ ಎಂದು ನೀನು ತಿಳಿದಿರಬೇಕು. ಅವ್ವಾ ಎಂಬ ಒಂದು ಮಾತಿಗಾಗಿ ಹನ್ನೊಂದು ವರ್ಷ ಬಾಯಿ ಬಿಟ್ಟುಕೊಂಡು ಕಾದವಳು ನಾನು. ಅದು ಬಂತು, ಆದರೆ ನನಗಾಗಿ ಬರಲಿಲ್ಲ. ನಿನ್ನನ್ನು ಚುಚ್ಚಲು ಒಂದು ಮುಳ್ಳು ಬೇಕಾಗಿತ್ತು, ಕೈಗೆ ಸಿಕ್ಕದ್ದು ನಾನು. ಮನೆಗೆ ಬಂದರೆ ಗೂಡಿನ ಪಕ್ಕದಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಹೆಗಲ ಮೇಲೆ ಕೈ ಇಟ್ಟೆ. "ಬ್ಯಾಡ ಚಿಗವ್ವಾ" ಎಂದಳು. ಅಂದಿನಿಂದ ಮತ್ತೆ ನಾನು ಚಿಗವ್ವನೇ.

ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ ಬರೆಯುವ ಟಾಕು ಎರಡು ಸಲ ಮುರಿದೆ. ನನ್ನ ಮಗಳನ್ನು ನೀನು ಇಟ್ಟುಕೊಂಡದ್ದಕ್ಕೆ ಮೊದಲು ಸಿಟ್ಟಿತ್ತು. ಈಗ ಅವಳನ್ನು ಅಳಿಸಿ ಹೋದದ್ದಕ್ಕೆ ಸಿಟ್ಟು.

ಕೋಳಿಗಳನ್ನು ಕಳಿಸೋಣವೆಂದರೆ ಅವಳು ಗೂಡಿಗೆ ಅಡ್ಡ ನಿಂತಿದ್ದಾಳೆ, ಒಂದನ್ನೂ ಮುಟ್ಟಗೊಡುವುದಿಲ್ಲ. ಇದರೊಳಗೆ ಅವಳ ಕಾಗದವೂ ಇದೆ. ನನಗೆ ಓದಲು ಕೊಡಲಿಲ್ಲ. ಅಂಟು ಹಚ್ಚುವ ತನಕ ಎದುರಿಗೇ ನಿಂತಿದ್ದಳು.

ರೇಣವ್ವ


ರೋಣ
೨೪ ಅಕ್ಟೋಬರ್ ೧೯೫೭

ಗಜೇಂದ್ರಗಡದವರಿಗೆ,

ಏನೆಂದು ಕರೆಯಬೇಕೋ ತಿಳಿಯದ್ದಕ್ಕೆ ಹೀಗೆ ಬರೆದಿದ್ದೇನೆ. ಸಿಟ್ಟು ಬಂದರೆ ಬರಲಿ.

ನೀನು ಬರೆದ ಎಲ್ಲ ಕಾಗದ ನನ್ನ ಹತ್ತಿರ ಇವೆ. ಎಲ್ಲವನ್ನೂ ಓದಿದ್ದೇನೆ. ಮೊದಲನೆಯದರಲ್ಲಿ ಕೋಳಿಯ ಬೆನ್ನಿನ ಪುಕ್ಕ. ಆಮೇಲೆ ಹುಂಜ, ಆಮೇಲೆ ನುಚ್ಚು, ಕಿಂಡಿ, ಆಮೇಲೆ ಮರಿ. ನಾನು ಉಂಡೆನೋ ಇಲ್ಲವೋ, ಇಲ್ಲಿಯ ಸಾಲಿ ಹೇಗಿದೆ, ನನಗೆ ಗೆಳತಿಯರು ಸಿಕ್ಕರೋ ಇಲ್ಲವೋ, ಒಂದರಲ್ಲೂ ಇಲ್ಲ. ಅಲ್ಲಿಯ ಅಪ್ಪ ಬರೆ ಎಂದರೂ ಜಾಗ ಇಲ್ಲ ಎಂದೆಯಂತೆ, ಅದನ್ನೂ ಬರೆದಿದ್ದೀ. ನಾನು ಕೋಳಿಗಳ ಜೊತೆ ಬಂದ ಆಳು ಎಂದು ತಿಳಿದೆ. ಪಾಲಿಗೆ ಕೊಟ್ಟವರು ಆಳನ್ನು ಏಕೆ ಕೇಳುತ್ತಾರೆ?

ಹುಂಜ ಕೊಯ್ದ ದಿನ ನಾನು ಉಣ್ಣಲಿಲ್ಲ. ಚಿಗವ್ವನೂ ಉಣ್ಣಲಿಲ್ಲ. ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅದನ್ನು ಅವಳು ನಿನಗೆ ಬರೆದಿರುವುದಿಲ್ಲ. ನೀನು ಅಲ್ಲಿ ನನ್ನನ್ನು ಕೇಳುವುದಿಲ್ಲ, ಅವಳು ಇಲ್ಲಿ ನಿನಗೆ ಖರೇ ಹೇಳುವುದಿಲ್ಲ. ನೀವಿಬ್ಬರೂ ಹೀಗೇ.

ಕೋಳಿಗಳ ಸುದ್ದಿಯನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನಿನಗೆ ನಿದ್ದೆ ಬರಲಿಕ್ಕಿಲ್ಲ. ಗೂಡಿನಲ್ಲಿ ಹಲಗೆ ಕಟ್ಟಿ ಕಿಂಡಿ ಬಿಟ್ಟವಳು ನಾನು. ಹಲಗೆ ಹಿಡಿದವಳು ಚಿಗವ್ವ. ಬೂದುವಿನ ಮರಿಗಳು ಈಗ ಅದಕ್ಕಿಂತ ಎತ್ತರ. ಆದರೂ ಸಂಜೆಯಾದರೆ ಆರೂ ಅದರ ರೆಕ್ಕೆಯ ಕೆಳಗೆ ನುಗ್ಗುತ್ತವೆ. ಬೂದು ನೆಲ ಬಿಟ್ಟು ಮೇಲೆ ಏಳುತ್ತದೆ, ಬಿದ್ದು ಮತ್ತೆ ಅವುಗಳ ಬೆನ್ನ ಮೇಲೆ ಹತ್ತಿ ಕೂಡುತ್ತದೆ. ಸರ್ಕಾರಿ ಹ್ಯಾಟೆಗಳು ಕ್ಕೊ ಕ್ಕೊ ಎನ್ನುತ್ತ ಅಲ್ಲೇ ಸುತ್ತುತ್ತವೆ. ಮೊದಲಿನಂತೆ ಬೂದುವನ್ನು ಕುಕ್ಕಲು ಬಂದರೆ ಮರಿಗಳೇ ಎದುರು ಬೀಳುತ್ತವೆ. ತತ್ತಿ ಯಾರದು, ಕಾವು ಯಾರದು ಎಂದು ಅವಕ್ಕೆ ಯಾರೂ ಕಾಗದ ಬರೆದಿಲ್ಲ.

ಅವುಗಳನ್ನು ಅರ್ಧ ಅರ್ಧ ಮಾಡಲು ನಾನು ಬಿಡುವುದಿಲ್ಲ. ಮತ್ತೆ ಕೋಳಿ ನೋಡಲು ಬಂದರೆ ಆವತ್ತಿನಂತೆಯೇ ಕೂಗುತ್ತೇನೆ.

ದ್ರಾಕ್ಷಾಯಣಿ


ಗಜೇಂದ್ರಗಡ
೨ ನವೆಂಬರ್ ೧೯೫೭

ದ್ರಾಕ್ಷಿಗೆ,

ಈ ಕಾಗದ ನಿನ್ನ ಹೆಸರಿಗೇ ಬರೆದಿದ್ದೇನೆ. ಪಾಕೀಟಿನ ಮೇಲೆ ನಿನ್ನ ಹೆಸರು ನೋಡಿ ಟಪಾಲಿನವನು ನಗುತ್ತಾನೇನೋ, ನಗಲಿ.

ಚಲೋ ಬೈದಿದ್ದೀ. ಅಕ್ಷರ ಮಾತ್ರ ಸೊಟ್ಟಗಾಗಿವೆ. ಸಿಟ್ಟಿನಲ್ಲಿ ಬರೆದರೆ ನನ್ನವೂ ಹಾಗೆಯೇ ಆಗುತ್ತವೆ. ಮಂದಿ ಎಂದೆಯಲ್ಲ, ಅದು ಇನ್ನೂ ಎದೆಯಲ್ಲಿ ನಟ್ಟಿದೆ. ನಿನಗೆ ಎರಡು ಬಾರಿಸಬೇಕೆನ್ನಿಸುತ್ತದೆ. ಬಾರಿಸಲು ನೀನು ಎದುರಿಗೆ ಇಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತದೆ.

ಅಂಗಳದಲ್ಲಿ ನಿನ್ನ ಮುಖ ನೋಡಲಿಲ್ಲ, ಖರೇ. ಲಂಗ ಮೊಣಕಾಲಿಗೆ ಬಂದದ್ದನ್ನು ಮಾತ್ರ ಮೊದಲು ಕಂಡೆ. ಮುಖ ನೋಡಿದ್ದರೆ ಅಲ್ಲೇ ಕುಸಿದು ಅಳುತ್ತಿದ್ದೆ. ರೇಣಿಯ ಮುಂದೆ ಅಳಬಾರದೆಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಹ್ಯಾಟಿ. ಕಾಗದದಲ್ಲೂ ಹಾಗೆಯೇ ಆಯಿತು. ನಿನ್ನ ಹೆಸರು ಬರೆಯಲು ಕೂತರೆ ಮುಂದಿನ ಸಾಲು ಕಾಣುತ್ತಿರಲಿಲ್ಲ, ಕೋಳಿ ಎಂದು ಬರೆದರೆ ಕೈ ಓಡುತ್ತಿತ್ತು.

ಈಗ ಕೇಳುತ್ತೇನೆ. ಒಂದೊಂದಕ್ಕೂ ಉತ್ತರ ಬರೆ. ರಾತ್ರಿ ಹೊದಿಕೆ ಒದೆಯುತ್ತೀಯಾ, ಒದ್ದರೆ ಯಾರು ಹೊದಿಸುತ್ತಾರೆ? ಸಾಲಿಯಲ್ಲಿ ಯಾರ ಪಕ್ಕ ಕೂಡುತ್ತೀ? ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಹಾಕಿದರೆ ಈಗಲೂ ಬೇಡ ಎನ್ನುತ್ತೀಯಾ? ಪಂಚಮಿಯಲ್ಲಿ ಜೋಕಾಲಿ ಹತ್ತಲಿಲ್ಲವೇಕೆ? ನಿಮ್ಮ ಅಪ್ಪ ಇಲ್ಲಿ ಕಟ್ಟಿದ ಹಗ್ಗವನ್ನು ಇನ್ನೂ ಬಿಚ್ಚಿಲ್ಲ, ಬಟ್ಟೆ ಒಣಗಿಸಲು ಎನ್ನುತ್ತಾರೆ, ಒಂದು ದಿನವೂ ಒಣಹಾಕಿಲ್ಲ.

ಇನ್ನೊಂದು ಮಾತು. ಅದನ್ನು ಬರೆಯಲು ಒಂದು ವಾರ ಹಿಡಿಯಿತು. ಪಾಲು ಇವತ್ತಿಗೆ ಮುಗಿಯಿತು. ನಾಲ್ಕು ಹ್ಯಾಟೆ, ಬೂದುವಿನ ಆರು ಮರಿ, ಎಲ್ಲ ನಿನ್ನವು. ನನಗೆ ಒಂದು ಪುಕ್ಕವೂ ಬೇಡ. ಸೂಡಿಯ ಹಿರಿಯರಿಗೂ ಹೇಳಿ ಕಳಿಸಿದ್ದೇನೆ.

ಪಾಲು ಮುಗಿದರೆ ಏನಾಗುತ್ತದೆಂದು ನಿನಗೂ ಗೊತ್ತು. ಆ ಮನೆಗೆ ಬರಲು ನನಗೆ ಇದ್ದ ಹಕ್ಕು ಅದೊಂದೇ. ಇನ್ನು ಬಂದರೆ ಕೋಳಿ ನೋಡಲು ಬಂದೆ ಎನ್ನಲು ಬಾಯಿಲ್ಲ. ಬಾಗಿಲ ಹೊರಗೆ ನಿಂತು, ದ್ರಾಕ್ಷಿಯನ್ನು ನೋಡಲು ಬಂದೆ ಎಂದು ಬಾಯಿ ಬಿಟ್ಟು ಹೇಳಬೇಕು. ಬರುವ ಬುಧವಾರ ಗೌಸುಸಾಬನ ಬಸ್ಸಿಗೆ ಬಂದು ಹಾಗೆಯೇ ಹೇಳುತ್ತೇನೆ. ಬುಟ್ಟಿ ತರುವುದಿಲ್ಲ. ನಿಮ್ಮವ್ವ ಒಳಗೆ ಕರೆದರೆ ಬರುತ್ತೇನೆ. ಕರೆಯದಿದ್ದರೆ ಕಟ್ಟೆಯ ಮೇಲೆ ಕೂಡುತ್ತೇನೆ. ಹನ್ನೊಂದು ವರ್ಷ ಅವಳು ನನ್ನ ಕಟ್ಟೆಯ ಮೇಲೆ ಕೂತಿದ್ದಳು.

ಈ ಕಾಗದವನ್ನು ನಿಮ್ಮವ್ವಳಿಗೆ ಓದಿ ಹೇಳು.

ಶಂಕ್ರವ್ವ